ಗಡಿಗೆಯ ಕೊನೆಯ ಮುದ್ದೆ

ಮದುವೆಯಾಗಿ ಸುಗಟೂರಿಗೆ ಬಂದ ಮೊದಲ ಮಧ್ಯಾಹ್ನವೇ ನಾನು ರಾಗಿಮುದ್ದೆಯನ್ನು ಅಗಿದುಬಿಟ್ಟೆ. ಕಳ್ಳತನ ಮಾಡಲಿಲ್ಲ, ಹಿರಿಯರಿಗೆ ಎದುರುತ್ತರ ಕೊಡಲಿಲ್ಲ, ಬರೀ ಅಗಿದೆ. ಅಷ್ಟಕ್ಕೇ ಪಂಕ್ತಿಯಲ್ಲಿ ಕೂತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನ ದವಡೆಯನ್ನೇ ನೋಡತೊಡಗಿದರು. ಬಡಿಸುತ್ತಿದ್ದ ಅತ್ತೆ ಸಾರಿನ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತರು.

“ಅಯ್ಯಯ್ಯೋ, ಅಗೀತಾಳೆ ನೋಡ್ರೇ! ಅಮ್ಮಯ್ಯಾ, ಅದೇನ್ ಎಲೆಅಡಿಕೆನಾ ಅಗಿಯೋಕೆ? ಸಾರಲ್ಲಿ ಹೊರಳ್ಸು, ಬಾಯಿಗಿಡು, ನುಂಗು. ಮಿಕ್ಕಿದ್ದು ಹೊಟ್ಟೆ ನೋಡ್ಕೊಳ್ಳುತ್ತೆ.”

ಹೊರಳಿಸಿದೆ, ಇಟ್ಟೆ, ನುಂಗಿದೆ. ಅದು ಗಂಟಲಲ್ಲಿ ಕೂತು ಮೇಲೂ ಬರದೆ ಕೆಳಗೂ ಇಳಿಯದೆ ಸತಾಯಿಸಿತು. ಕಣ್ಣಲ್ಲಿ ನೀರು ಬಂತು. ಅತ್ತೆ ನಗುತ್ತಲೇ ಬೆನ್ನು ಸವರಿ ನೀರು ಕುಡಿಸಿದರು. “ಬರುತ್ತೆ ಬಿಡು. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?” ಎಂದರು. ಅವರ ಮೇಲೆ ಕೋಪವೂ ಪ್ರೀತಿಯೂ ಅವತ್ತೇ ಒಟ್ಟಿಗೆ ಶುರುವಾದವು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ನಾನು ಮುಳಬಾಗಿಲಿನವಳು. ಹಾಗೆಂದ ಕೂಡಲೇ ಜನ ದೋಸೆಯ ಬಗ್ಗೆ ಕೇಳುತ್ತಾರೆ. ದೋಸೆ ಬಿಟ್ಟು ನಮ್ಮೂರಲ್ಲಿ ಮನುಷ್ಯರೂ ಇದ್ದಾರೆ ಸ್ವಾಮಿ! ನಮ್ಮದು ಪೂಜೆ, ಪಂಚಾಂಗ, ಲೆಕ್ಕಪತ್ರದ ಮನೆತನ. ಅನ್ನವನ್ನೂ ಅಗಿದೇ ನುಂಗಬೇಕು ಎಂದು ಕಲಿಸಿದ ಮನೆ. ಮಡಿ, ಮುಸುರೆ, ಎಂಜಲು ಎಂಬ ಮೂರು ಮಾತುಗಳನ್ನು ನಾನು ಅಆಇಈಗಿಂತ ಮೊದಲು ಕಲಿತೆ. ಎಲೆಯ ತುದಿಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಒಂದೊಂದಕ್ಕೂ ಅದರದೇ ಜಾಗ. ಪಲ್ಯ ಬಡಿಸುವ ಜಾಗದಲ್ಲಿ ಕೋಸಂಬರಿ ಬಿದ್ದರೆ ಅಜ್ಜಿ ಬಡಿಸಿದವರನ್ನು ಹಬ್ಬ ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಒಬ್ಬರ ಎಲೆಯಿಂದ ಇನ್ನೊಬ್ಬರ ಎಲೆಗೆ ಒಂದು ಅಗುಳು ಸಿಡಿದರೂ ಆ ಎಲೆಯವರು ಎದ್ದುಬಿಡಬೇಕು.

ಹುಡುಗಿಯಾಗಿದ್ದಾಗ ಇದೆಲ್ಲ ನನಗೆ ಬೇಸರ. ಆದರೆ ಅಪ್ಪ ಊಟಕ್ಕೆ ಕೂರುವುದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಅಂಗೈಯಲ್ಲಿ ನೀರು ತೆಗೆದುಕೊಂಡು ಎಲೆಯ ಸುತ್ತ ಒಂದು ಗೆರೆ ಎಳೆದು ಕಣ್ಣು ಮುಚ್ಚುತ್ತಿದ್ದರು. ಇಡೀ ದಿನ ಊರಿನವರ ಲೆಕ್ಕ ನೋಡಿ ತಲೆ ಬಿಸಿ ಮಾಡಿಕೊಂಡು ಬಂದ ಮನುಷ್ಯ ಆ ನೀರಿನ ಗೆರೆಯೊಳಗೆ ಕೂತ ಕೂಡಲೇ ತಣ್ಣಗಾಗಿಬಿಡುತ್ತಿದ್ದರು. ಏನಿರುತ್ತಿತ್ತು ಎಲೆಯಲ್ಲಿ? ಅನ್ನ, ಸಾರು, ಮಜ್ಜಿಗೆ, ಅಷ್ಟೇ. ಬರೀ ಅನ್ನ ಸಾರಿಗೆ ಅಷ್ಟು ಮರ್ಯಾದೆ ಕೊಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಮನೆಯ ಇನ್ನೊಂದು ಕಟ್ಟಳೆ ನನ್ನ ರಕ್ತಕ್ಕೇ ಇಳಿದಿತ್ತು. ಮಕ್ಕಳು, ಮುದುಕರು, ಬಸುರಿ, ರೋಗಿ, ಇವರದು ಮೊದಲು ಆಗಬೇಕು. ಎಂಥ ಅತಿಥಿ ಬಂದು ಕಾಯುತ್ತಿರಲಿ, ಹಾಸಿಗೆ ಹಿಡಿದವರ ಹೊಟ್ಟೆಗೆ ಬೀಳದೆ ಮಿಕ್ಕವರು ಎಲೆಯ ಮುಂದೆ ಕೂರುವ ಹಾಗಿಲ್ಲ. ಅಜ್ಜಿ ಕೊನೆಗಾಲದಲ್ಲಿ ಮಲಗಿದ್ದಾಗ ಅಮ್ಮ ಗಂಜಿ ಕುಡಿಸಿ ಬಂದ ಮೇಲೆಯೇ ನಮ್ಮ ಮನೆಯಲ್ಲಿ ಎಲೆ ಹಾಕುತ್ತಿದ್ದುದು.

ಸುಗಟೂರಿನ ಮನೆಯಲ್ಲಿ ಸಾಲು ಬೇರೆ. ಇವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು, ಜೊತೆಗೆ ಒಂದಿಷ್ಟು ರಾಗಿ, ಟೊಮೆಟೊ, ಎರಡು ಸೀಮೆಹಸು. ಇಲ್ಲಿ ಮೊದಲ ಊಟ ಹುಳುಗಳದು. “ಬಾಯಿಲ್ದಿರೋ ಜೀವಕ್ಕೆ ಮೊದ್ಲು” ಎನ್ನುತ್ತಿದ್ದರು ಅತ್ತೆ. ಬೆಳಗ್ಗೆ ಎದ್ದು ಹುಳುಮನೆಯ ತಟ್ಟೆಗಳಿಗೆ ಸೊಪ್ಪು ಹಾಕಬೇಕು, ಆಮೇಲೆ ಹಸುಗಳಿಗೆ ಮೇವು, ಆಮೇಲೆ ಸೊಪ್ಪು ಕೊಯ್ಯಲು ಬಂದ ಆಳುಗಳಿಗೆ ಊಟ, ಆಮೇಲೆ ಗಂಡಸರು ಮಕ್ಕಳು, ಆಮೇಲೆ ನಾನು. ನಾಯಿಗೂ ಹಾಕಿ ಆದಮೇಲೆ ಅತ್ತೆ. ನಾನು ಕೋಲಾರದ ಶಾಲೆಯೊಂದರಲ್ಲಿ ಪಾಠ ಹೇಳುವವಳು. ಬೆಳಗಿನ ಬಸ್ಸಿಗೆ ಓಡಬೇಕು. “ನೀನು ಉಣ್ಣಮ್ಮ ಮೊದ್ಲು, ಬಸ್ ಹೋಗುತ್ತೆ” ಎಂದು ನನ್ನ ತಟ್ಟೆಗೆ ತಳ್ಳುವರು. ಸಂಜೆಯೂ ಅದೇ ಕಥೆ. “ನಿಮ್ಮದೂ ಹಾಕ್ಕೊಳ್ಳಿ ಅತ್ತೆ” ಎಂದರೆ, “ನಂದೇನ್ ಅವಸರ” ಎನ್ನುವರು.

ಅವರು ಮುದ್ದೆ ಮಾಡುವುದನ್ನು ನೋಡಬೇಕಿತ್ತು! ಕುದಿಯುವ ಗಡಿಗೆಯನ್ನು ಒಲೆಯಿಂದ ಇಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಮುದ್ದೆಕೋಲಿನಿಂದ ತಿರುವುತ್ತಿದ್ದರು. ತೋಳಿನ ನರಗಳೆಲ್ಲ ಎದ್ದು ಬರುತ್ತಿದ್ದವು. ಒದ್ದೆ ಮಣೆಯ ಮೇಲೆ ಕೈ ಸುಟ್ಟರೂ ಉಫ್ ಎನ್ನದೆ ಉರುಳಿಸಿದರೆ ಎಲ್ಲ ಮುದ್ದೆಗಳೂ ಒಂದೇ ಅಳತೆ. ಕೊನೆಯದು ಮಾತ್ರ ಚಿಕ್ಕದು. ಗಡಿಗೆಯ ತಳ ಕೆರೆದು ಮಾಡಿದ್ದು, ಅಲ್ಲಲ್ಲಿ ಸೀದದ್ದು. ಅದು ಅವರದು. ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ, ಹಾಕಬಾರದೆಂದು ಯಾರೂ ಹೇಳಿಯೂ ಇರಲಿಲ್ಲ.

ಅದನ್ನು ತಿನ್ನುವ ಮೊದಲು ಅತ್ತೆ ಮನೆಯಲ್ಲಿ ಒಂದು ಸುತ್ತು ಹಾಕುವರು. “ಏಮ್ಮಾ, ತಿನ್ನಾವಾ?” ಎಂದು ತೆಲುಗಲ್ಲಿ ನನ್ನನ್ನು, “ಉಂಡೇನ್ಲಾ?” ಎಂದು ಮಗನನ್ನು ಕೇಳುವರು. ಉತ್ತರವನ್ನು ಮಾತ್ರ ನಂಬುತ್ತಿರಲಿಲ್ಲ. ಕೈ ಹಿಡಿದು ತಿರುಗಿಸಿ ನೋಡುವರು. ಈಗಷ್ಟೇ ತೊಳೆದ ಕೈ ಒದ್ದೆ ಇದ್ದರೆ ಸರಿ, ಒಣಗಿದ್ದರೆ ತಟ್ಟೆಯ ಮುಂದೆ ಕೂರಿಸುವರು. “ಬಾಯಿ ಸುಳ್ಳು ಹೇಳುತ್ತೆ ಕಣೇ, ಒದ್ದೆ ಕೈ ಹೇಳಲ್ಲ” ಎನ್ನುವರು. ನಾನಿದನ್ನು ಒಂದು ಚಾಳಿ ಎಂದುಕೊಂಡಿದ್ದೆ. ಶಾಲೆಯಲ್ಲಿ ಹೇಳಿ ನಗಿಸುತ್ತಿದ್ದೆ ಕೂಡ.

ಹಾಗೆ ನಗುತ್ತಿದ್ದವರಲ್ಲಿ ಒಬ್ಬಳು ನನ್ನ ಗೆಳತಿ, ನನ್ನ ಜೊತೆ ಪಾಠ ಹೇಳುವವಳು. ಶ್ರೀನಿವಾಸಪುರದಲ್ಲಿ ಅವಳ ಮನೆಯವರು ಮಾವಿನಹಣ್ಣಿನ ವ್ಯಾಪಾರಸ್ಥರು. ಮೊದಲ ಸಲ ಅವರ ಮನೆಗೆ ಊಟಕ್ಕೆ ಹೋದಾಗ ನೆಲದ ಮೇಲೆ ಉದ್ದಕ್ಕೆ ದಸ್ತರ್ಖಾನ್ ಎನ್ನುವ ಊಟದ ಬಟ್ಟೆ ಹಾಸಿ ನಡುವೆ ಒಂದು ಅಗಲವಾದ ತಟ್ಟೆ ತಂದಿಟ್ಟರು. ನನಗೋಸ್ಕರ ಮಾಂಸ ಬಿಟ್ಟು ಖಿಚಡಿ, ಹುಣಸೆಹುಳಿಯ ಖಟ್ಟಾ, ಬದನೆಕಾಯಿ ಮಾಡಿದ್ದರು. ತಟ್ಟೆ ಒಂದೇ. ಸುತ್ತ ನಾವು ಐದು ಹೆಂಗಸರು. ಅಗುಳು ಸಿಡಿದರೆ ಎಲೆ ಬಿಡುವ ಮನೆಯಲ್ಲಿ ಬೆಳೆದವಳು, ಒಂದೇ ತಟ್ಟೆಗೆ ಐದು ಕೈ!

ಗೆಳತಿಯ ಅಜ್ಜಿ ಮೊದಲ ತುತ್ತು ತೆಗೆದುಕೊಂಡರು. ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಅವರವರ ಕೈ ಅವರವರ ಬದಿಯಲ್ಲೇ. ಎಷ್ಟು ನಾಜೂಕು ಅಂತೀರಿ! ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ನನ್ನ ಬದಿಯ ಬದನೆಕಾಯಿ ಮುಗಿಯುತ್ತಲೇ ಇಲ್ಲ. ಅಜ್ಜಿ ತಮ್ಮ ಬದಿಯ ಒಳ್ಳೊಳ್ಳೆ ಹೋಳುಗಳನ್ನು ಬೆರಳ ತುದಿಯಿಂದ ಮೆಲ್ಲಗೆ ನನ್ನ ಕಡೆ ದೂಡುತ್ತಿದ್ದರು. ಬಾಯಲ್ಲಿ ಮಾತ್ರ ಬೇರೇನೋ ಊರ ಸುದ್ದಿ. ನನ್ನ ಹೊಟ್ಟೆ ತುಂಬಿ ನಾನು ಕೈ ತೆಗೆದ ಮೇಲೂ ಅವರು ಒಂದೊಂದೇ ಅಗುಳು ಹೆಕ್ಕುತ್ತ ಕೂತಿದ್ದರು. “ಅಜ್ಜಿ ಮೊದ್ಲು ಕೈ ತೆಗೆದ್ರೆ ನಿಂಗೆ ಸಂಕೋಚ ಆಗುತ್ತಲ್ಲ, ಅದಕ್ಕೇ” ಎಂದಳು ಗೆಳತಿ. ನಮ್ಮಪ್ಪ ನೀರಿನ ಗೆರೆ ಎಳೆದು ಕಂಡುಕೊಂಡದ್ದನ್ನು ಈ ಅಜ್ಜಿ ಗೆರೆಯೇ ಇಲ್ಲದ ತಟ್ಟೆಯಲ್ಲಿ ಕಂಡುಕೊಂಡಿದ್ದರು.

ಇನ್ನು ನಡೆದದ್ದಕ್ಕೆ ಬರುತ್ತೇನೆ. ಕಳೆದ ಅವರೆಕಾಯಿ ಕಾಲದಲ್ಲಿ ಒಂದು ಬೆಳಗ್ಗೆ ಅತ್ತೆ ಹುಳುಮನೆಯ ಬಾಗಿಲಲ್ಲಿ ಸೊಪ್ಪಿನ ಬುಟ್ಟಿಯ ಜೊತೆಗೇ ಕುಸಿದರು. ಲಕ್ವ ಹೊಡೆದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಬಲಗಾಲು ಸತ್ತ ಹಾಗಾದವು, ಮುಖದ ಅರ್ಧ ಜೋತುಬಿತ್ತು, ಮಾತು ಪೂರಾ ಹೋಯಿತು. ಮನೆಗೆ ಕರೆತಂದು ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ನಾನು ರಜೆ ಹಾಕಿದೆ.

ಆಮೇಲೆ ಅವರು ಉಣ್ಣಲಿಲ್ಲ.

ಮಾತ್ರೆ ಕೊಟ್ಟರೆ ನುಂಗುವರು. ನೀರು ಕುಡಿಯುವರು, ಬೆಳಗಿನ ಕಾಫಿಯನ್ನೂ ನಾಲ್ಕು ಗುಟುಕು ಹೀರುವರು. ಊಟದ ಬಟ್ಟಲು ಹತ್ತಿರ ಬಂದರೆ ಮಾತ್ರ ನನ್ನ ಕೈಯನ್ನೇ ಒಂದು ಗಳಿಗೆ ದಿಟ್ಟಿಸಿ, ತುಟಿ ಬಿಗಿದು, ಮುಖವನ್ನು ಬಾಗಿಲ ಕಡೆ ತಿರುಗಿಸಿಬಿಡುವರು. ಡಾಕ್ಟರು ಚಮಚದಲ್ಲಿ ನೀರು ಹಾಕಿ ಪರೀಕ್ಷೆ ಮಾಡಿದಾಗ ಗಂಟಲು ಸರಿಯಾಗಿಯೇ ಇತ್ತು. “ನುಂಗೋ ಶಕ್ತಿ ಇದೆ, ಮನಸ್ಸು ಮಾಡ್ತಿಲ್ಲ. ಸೋಮವಾರದವರೆಗೆ ನೋಡೋಣ. ಆಗ್ಲಿಲ್ಲ ಅಂದ್ರೆ ಮೂಗಿನಿಂದ ಟ್ಯೂಬ್ ಹಾಕ್ಬೇಕಾಗುತ್ತೆ” ಎಂದರು. ಅತ್ತೆಯ ಆ ನೆಟ್ಟನೆಯ ಮೂಗು, ಅದರಲ್ಲಿ ಎರಡು ಕಲ್ಲಿನ ಮೂಗುಬೊಟ್ಟು. ಅದಕ್ಕೆ ಟ್ಯೂಬು ತೂರಿಸುವುದೇ?

ಮಾಲೂರಿಗೆ ಕೊಟ್ಟಿದ್ದ ನಾದಿನಿ ಓಡಿ ಬಂದಳು. ಅವಳ ಗಂಡ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಅವಳೂ ನನ್ನ ಗಂಡನೂ ಮಂಚದ ಪಕ್ಕ ನಿಂತು ಅಮ್ಮನಿಗೆ ಏನಿಷ್ಟ ಎಂದು ಮಾತಾಡತೊಡಗಿದರು.

“ಹಿದುಕಿದ ಅವರೆಬೇಳೆ ಸಾರು ಮಾಡೋಣ. ಅಮ್ಮಂಗೆ ಪ್ರಾಣ” ಎಂದಳು ನಾದಿನಿ.

“ಅದು ನಿಂಗ್ ಪ್ರಾಣ ಕಣೇ. ಅಮ್ಮಂಗೆ ಮಸ್ಸೊಪ್ಪು ಇಷ್ಟ.”

“ಮಸ್ಸೊಪ್ಪು ನಿಂಗಿಷ್ಟ! ಚಿಕ್ಕೋನಿದ್ದಾಗ ಪಾತ್ರೆ ನೆಕ್ಕತಿದ್ದೆ. ಅಮ್ಮ ಏನ್ ತಿಂತಿದ್ಲು ಹೇಳು ನೋಡಣ?”

ನನ್ನ ಗಂಡ ಮಂಚದ ಅಂಚಿನಲ್ಲಿ ಕೂತ. ಆಮೇಲೆ ನಿಧಾನವಾಗಿ, “ಅಮ್ಮ ಉಣ್ಣೋದನ್ನ ನಾನು ನೋಡೇ ಇಲ್ಲ ಕಣೇ” ಎಂದ. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಉಂಡು ಎದ್ದ ಮೇಲೆ, ಒಲೆಯ ಮೂಲೆಯಲ್ಲಿ, ಮಿಕ್ಕಿದ್ದನ್ನು ತಿಂದವರ ಇಷ್ಟ ಯಾವುದೆಂದು ಯಾರಿಗೆ ಗೊತ್ತಿರುತ್ತದೆ? ನನಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಮಾಡಿದೆವು. ನಾದಿನಿ ಮಾಲೂರಿಗೆ ಹೊರಡುವ ಮುನ್ನ ಅವರೆಬೇಳೆ ಹಿದುಕಿ ಸಾರು ಮಾಡಿ ತಿಳಿ ಬಸಿದು ಕೊಟ್ಟಳು. ನಾನು ಎಳೆಮಗುವಿಗೆ ಮಾಡುವ ಹಾಗೆ ರಾಗಿ ಹಾಲು ತೆಗೆದು ರಾಗಿಸರಿ ಕಾಯಿಸಿದೆ. ಗೆಳತಿ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಹರೀರಾ ತಂದಳು. ಬಾದಾಮಿ, ಗಸಗಸೆ, ಹಾಲು, ತುಪ್ಪ. ಬಾಣಂತಿಯರಿಗೆ, ಸುಸ್ತಾದವರಿಗೆ ಅವರ ಮನೆಯಲ್ಲಿ ಕೊಡುವುದು. ಮುಚ್ಚಳ ತೆಗೆದರೆ ಕೋಣೆಯೆಲ್ಲ ಘಮ್ಮೆಂದಿತು. “ಅಜ್ಜಿ ರಾತ್ರಿನೇ ಬಾದಾಮಿ ನೆನೆಹಾಕಿದ್ರು. ಒಂದು ಗುಟುಕು ಅಮ್ಮೀ, ಬಸ್ ಏಕ್” ಎಂದು ಬೇಡಿಕೊಂಡಳು. ಅತ್ತೆ ಅವಳ ಕೈಯನ್ನೂ ದಿಟ್ಟಿಸಿದರು. ತುಟಿ ತೆರೆಯಲಿಲ್ಲ.

ನಮ್ಮಮ್ಮ ಮುಳಬಾಗಿಲಿನಿಂದ ಬಂದಳು. ಅವಳ ವಿಷಯ ಸ್ವಲ್ಪ ಹೇಳಬೇಕು. ನನ್ನ ಮದುವೆಗೆ ಮೊದಲು ಅತ್ತು, ಆಮೇಲೆ ಒಪ್ಪಿ, ಅಳಿಯನನ್ನು ಮಗನಿಗಿಂತ ಹೆಚ್ಚು ಹಚ್ಚಿಕೊಂಡವಳು. ಆದರೆ ಇಷ್ಟು ವರ್ಷದಲ್ಲಿ ಸುಗಟೂರಿನ ಮನೆಯಲ್ಲಿ ನೀರು, ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅತ್ತೆಯೂ ಒತ್ತಾಯ ಮಾಡಿದವರಲ್ಲ. “ಅವರವರ ಬಾಯಿ, ಅವರವರ ದೇವ್ರು” ಎಂದು ಒಳ್ಳೆ ಹಣ್ಣು ಆರಿಸಿ ಕೊಡುತ್ತಿದ್ದರು. ಅಂಥ ಅಮ್ಮ ಹುರಿದ ಅಕ್ಕಿ, ಹೆಸರುಬೇಳೆ, ಜೀರಿಗೆಯ ಗಂಜಿಯನ್ನು ಮಡಿಯಲ್ಲೇ ಮಾಡಿ, ಪಾತ್ರೆಗೆ ಬಟ್ಟೆ ಸುತ್ತಿ ತಂದು, ಅತ್ತೆಯ ತಲೆಯನ್ನು ತನ್ನ ತೋಳಿನ ಮೇಲಿಟ್ಟುಕೊಂಡು ಕುಡಿಸಲು ಕೂತಳು. ನಾನು ನೋಡುತ್ತ ನಿಂತೆ. ಮಡಿಯ ಅಮ್ಮ, ಜೊಲ್ಲು ಸುರಿಯುವ ಅತ್ತೆ, ಇಬ್ಬರ ತಲೆಯೂ ಒಂದೇ ದಿಂಬಿನ ಹತ್ತಿರ. ಆದರೆ ಅತ್ತೆ ಅಮ್ಮನ ಕೈ ನೋಡಿದರು, ಮುಖ ತಿರುಗಿಸಿದರು. “ರೋಗಿದು ಮೊದಲು ಆಗ್ಲಿ ಕಣೇ. ಇವರು ತೊಗೊಳ್ಳೋವರ್ಗೂ ನೀನೂ ತಿನ್ಬೇಡ” ಎಂದು ನನಗೆ ಹೇಳಿ, ಕಣ್ಣೊರೆಸಿಕೊಂಡು ಅಮ್ಮ ಬಸ್ಸು ಹತ್ತಿದಳು.

ಹೇಳಬೇಕಿರಲಿಲ್ಲ. ಅತ್ತೆ ಹಾಸಿಗೆ ಹಿಡಿದಂದಿನಿಂದ ನಾನು ಹೇಗೂ ಅವರಿಗಿಂತ ಮೊದಲು ತಿನ್ನುತ್ತಿರಲಿಲ್ಲ. ಅವರು ಉಣ್ಣದೆ ಬಿಟ್ಟಾಗ ನನಗೂ ತುತ್ತು ಇಳಿಯುತ್ತಿರಲಿಲ್ಲ, ಒಂದೆರಡು ಬಾಳೆಹಣ್ಣಿನಲ್ಲೇ ದಿನ ತಳ್ಳುತ್ತಿದ್ದೆ. ಗಂಡ, ಮಕ್ಕಳು, ಆಳುಗಳಂತೂ ಊಟವನ್ನು ಸೊಪ್ಪಿನ ಶೆಡ್ಡಿಗೆ ಸಾಗಿಸಿಬಿಟ್ಟಿದ್ದರು. “ಅಮ್ಮ ಉಣ್ದೆ ಮಲಗವ್ಳೆ, ಅವ್ಳ ಎದುರಿಗೆ ನಾವೆಂಗೆ ಬಾಯಾಡ್ಸೋದು?” ಎನ್ನುತ್ತಿದ್ದ ನನ್ನ ಗಂಡ. ಉಣ್ಣದವರ ಎದುರಿಗೆ ಉಣ್ಣಬಾರದು ಎಂಬುದು ಇವರ ಮರ್ಯಾದೆ. ಕಳ್ಳರ ಹಾಗೆ ತಟ್ಟೆಯನ್ನು ಸೆರಗಿನಲ್ಲಿ, ಟವೆಲಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಹೋಗುವುದು, ಅಲ್ಲೇ ಕೈ ತೊಳೆದು ಒರೆಸಿಕೊಂಡು ಬರುವುದು. ಮನೆಯೊಳಗೆ ಒಂದು ತಟ್ಟೆಯ ಸದ್ದೂ ಇರಲಿಲ್ಲ.

ಇದರ ನಡುವೆ ಹುಳುಗಳು ನಾಲ್ಕನೇ ಜ್ವರಕ್ಕೆ ಹೋದವು. ಪೊರೆ ಬಿಡುವಾಗ ಹುಳು ತಿನ್ನದೆ ತಲೆ ಎತ್ತಿ ಅಲುಗಾಡದೆ ಇರುತ್ತದೆ, ಅದನ್ನು ಇಲ್ಲಿ ಜ್ವರ ಅನ್ನುತ್ತಾರೆ. ಹೊಸದಾಗಿ ಬಂದಾಗ ನಾನು ಅದನ್ನು ನೋಡಿ ಸತ್ತೇ ಹೋದವು ಎಂದು ಕೂಗಿಕೊಂಡಿದ್ದೆ. ಅತ್ತೆ ನಕ್ಕು, “ಸುಮ್ನಿರು. ಜ್ವರ ಬಿಟ್ಮೇಲೆ ಹೆಂಗ್ ತಿಂತವೆ ನೋಡು” ಎಂದಿದ್ದರು. ಈ ಸಲವೂ ಜ್ವರ ಬಿಟ್ಟು ಎದ್ದವು. ಕೊಂಬೆ ಕೊಂಬೆ ಸೊಪ್ಪು ಹಾಕಿದರೂ ಸಾಲದು, ಮಳೆ ಹೊಯ್ದ ಹಾಗೆ ತಿನ್ನುವ ಸದ್ದು. ಕೆಲವೇ ದಿನಕ್ಕೆ ಮೈ ಹಳದಿಗಟ್ಟಿ ಹಣ್ಣಾದವು, ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಹುಳುಮನೆ ತುಂಬಿ ಮುಂದಿನ ಕೋಣೆಗೂ ಬಂದವು. ಅತ್ತೆಯ ಮಂಚವನ್ನು ಅಡುಗೆಮನೆಗೆ ತಂದು ಒಲೆಯ ಎದುರು ಹಾಕಿದೆವು. ಅದು ಭಾನುವಾರ. ಮರುದಿನ ಆಸ್ಪತ್ರೆಗೆ ಹೋಗಬೇಕು.

ಆ ಮಧ್ಯಾಹ್ನ ನಾನೇ ಮುದ್ದೆ ಮಾಡಿದೆ. ಗಂಡ, ಮಕ್ಕಳು, ಆಳುಗಳು ಎಂದಿನಂತೆ ತಟ್ಟೆ ಮುಚ್ಚಿಕೊಂಡು ಶೆಡ್ಡಿಗೆ ಹೋದರು. ಗಡಿಗೆಯ ಪಕ್ಕ ನನ್ನದೊಂದು ಮುದ್ದೆ, ತಳ ಕೆರೆದ ಚಿಕ್ಕದೊಂದು. ನಾನು ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕ ಕೂತೆ. ಅತ್ತೆ ನನ್ನ ಕೈ ನೋಡಿದರು. ತುಟಿ ಬಿಗಿದರು. ಮುಖ ತಿರುಗಿಸಿದರು.

ನನ್ನ ಪಿತ್ತ ನೆತ್ತಿಗೇರಿತು.

“ಯಾಕತ್ತೆ ಹೀಗೆ ಕೊಲ್ತೀರಾ ನಮ್ಮನ್ನ? ಮುಳಬಾಗಿಲದ್ದು ಬೇಡ, ಶ್ರೀನಿವಾಸಪುರದ್ದು ಬೇಡ, ಹೆತ್ತ ಮಗಳು ಮಾಡಿದ್ದು ಬೇಡ! ನಾಳೆ ಮೂಗಿಗೆ ಪೈಪ್ ಹಾಕ್ತಾರೆ, ಗೊತ್ತಾ? ಬೇಕಾ ಅದು? ನೀವ್ ಉಣ್ಣೋವರ್ಗೂ ನಾನೂ ಉಣ್ಣಲ್ಲ ಅಂತ ಕೂತಿದ್ದೀನಿ, ಕಣ್ ಕತ್ಲೆ ಬರ್ತಿದೆ ನಂಗೆ!”

ಅತ್ತೆಯ ಕಣ್ಣು ತಟ್ಟನೆ ನನ್ನ ಕಡೆ ತಿರುಗಿದವು. ಗಂಟಲಿನಿಂದ ಏನೋ ಒಂದು ಸದ್ದು ಬಂತು. ಎಡಗೈ ಎತ್ತಿ ಗಡಿಗೆಯ ಕಡೆ ಚಾಚಿದರು. ನನಗೆ ಅದೇನೂ ತಲೆಗೆ ಹೋಗಲಿಲ್ಲ. ಕೋಪ, ಹಸಿವು, ಅಳು ಮೂರೂ ಒಟ್ಟಿಗೆ ಬಂದಿದ್ದವು. “ಆಯ್ತು, ನೀವ್ ಉಣ್ಬೇಡಿ, ನಾನ್ ಉಣ್ತೀನಿ!” ಎಂದು ಬಟ್ಟಲು ಕುಕ್ಕಿ, ಅವರ ಎದುರಿಗೇ ನೆಲದ ಮೇಲೆ ಕೂತು ಮುದ್ದೆ ಮುರಿದೆ. ಸಾರಲ್ಲಿ ಹೊರಳಿಸಿ ನುಂಗಿದೆ. ಅಗಿಯಬೇಕೆಂದು ನೆನಪೂ ಆಗಲಿಲ್ಲ. ನಮ್ಮಮ್ಮನ ಮಾತು ಮೀರಿ, ರೋಗಿಗಿಂತ ಮೊದಲು, ರೋಗಿಯ ಕಣ್ಣೆದುರೇ ಇಡೀ ಮುದ್ದೆ ತಿಂದು ಮುಗಿಸಿ ಕೈ ತೊಳೆದು ತಿರುಗಿದೆ.

ಅತ್ತೆ ನೋಡುತ್ತಲೇ ಇದ್ದರು. ಹತ್ತಿರ ಹೋದೆ. ಅವರ ಎಡಗೈ ಮೆಲ್ಲಗೆ ಬಂದು ನನ್ನ ಬಲಗೈಯನ್ನು ಹಿಡಿಯಿತು. ತಿರುಗಿಸಿತು. ಹೆಬ್ಬೆರಳು ನನ್ನ ಒದ್ದೆ ಅಂಗೈಯನ್ನು ಒಂದು ಸಲ ಒರೆಸಿ ನೋಡಿತು.

ಆಮೇಲೆ ಅವರು ಬಾಯಿ ತೆರೆದರು.

ಅಯ್ಯೋ ದೇವರೇ. ಅಷ್ಟು ದಿನ ಎಲ್ಲರ ಒಣ ಕೈ ನೋಡುತ್ತ ಮಲಗಿದ್ದರು ಅವರು. ತಟ್ಟೆಯ ಸದ್ದಿಲ್ಲದ ಆ ಮನೆಯಲ್ಲಿ, ತಾನು ಬಿದ್ದಿದ್ದಕ್ಕೆ ಇವರಿಗೆಲ್ಲ ಉಪವಾಸ ಎಂದುಕೊಂಡಿದ್ದರೋ ಏನೋ. ಏನು ತಿನ್ನಿಸುವುದು ಎಂದು ನಾವು ಮೂರು ಊರಿನ ಅಡುಗೆಮನೆ ಜಾಲಾಡಿದೆವು. ಅವರಿಗೆ ಬೇಕಾಗಿದ್ದದ್ದು ಬೇರೆಯವರ ಹೊಟ್ಟೆ ತುಂಬುವುದು. ಅರ್ಧ ಮೈ ಸತ್ತಿತ್ತು, ಮಾತು ಸತ್ತಿತ್ತು, ಅದೊಂದು ಮಾತ್ರ ಸತ್ತಿರಲಿಲ್ಲ. ಎಂಥಾ ಹೆಂಗಸಪ್ಪ ಇವರು!

ಗಂಜಿ ಅವರಿಗೆ ಬೇಕಿರಲಿಲ್ಲ, ಕಣ್ಣು ಗಡಿಗೆಯ ಮೇಲಿತ್ತು. ಆ ಚಿಕ್ಕ ಮುದ್ದೆಯನ್ನು ತೆಗೆದು, ಸೀದ ಚೂರು ಬೇರೆ ಮಾಡಿ, ತಿಳಿಸಾರಿನಲ್ಲಿ ಕಿವುಚಿ ಬೆರಳಿನಲ್ಲಿ ಇಟ್ಟೆ. ನುಂಗಿದರು. ಇನ್ನೊಂದು ಇಟ್ಟೆ. ಅದನ್ನೂ ನುಂಗಿದರು. ಹಿತ್ತಲಿಗೆ ಮುಖ ಮಾಡಿ ಕಿರುಚಿದೆ, “ರೀ! ಎಲ್ರೂ ಬನ್ನಿ! ಕೈ ಒರೆಸ್ಕೋಬೇಡಿ, ಹಂಗೇ ಬನ್ನಿ!” ಗಂಡ ನೀರು ತೊಟ್ಟಿಕ್ಕುವ ಕೈಯಲ್ಲೇ ಗಾಬರಿಯಿಂದ ಓಡಿ ಬಂದ. ಅತ್ತೆ ಅವನ ಕೈ ಹಿಡಿದು ತಿರುಗಿಸಿದರು. ಮಕ್ಕಳ ಕೈ ನೋಡಿದರು. ಆಳುಗಳೂ ಬಾಗಿಲಲ್ಲಿ ನಿಂತು ಕೈ ಚಾಚಿದರು. ನನ್ನ ಗಂಡ ಗೋಡೆಗೆ ಒರಗಿ ಎಳೆಮಗುವಿನ ಹಾಗೆ ಅತ್ತ. ಅವನು ತನ್ನ ತಾಯಿ ಉಣ್ಣುವುದನ್ನು ಮೊದಲ ಸಲ ನೋಡುತ್ತಿದ್ದ.

ಸೋಮವಾರ ಡಾಕ್ಟರು ಟ್ಯೂಬಿನ ಮಾತು ಕೈಬಿಟ್ಟರು. ಅವತ್ತಿನಿಂದ ಎಲ್ಲರ ಊಟವೂ ಮಂಚದ ಎದುರಿಗೇ. ಮಾಲೂರಿನ ನಾದಿನಿ ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಕಾಲ್ ಮಾಡಿ, ಮೊಬೈಲಿನ ತುಂಬ ತನ್ನ ಒದ್ದೆ ಅಂಗೈಯನ್ನು ತೋರಿಸುತ್ತಾಳೆ. ಒಂದು ದಿನ ಸೋಮಾರಿತನಕ್ಕೆ ಉಣ್ಣದೆಯೇ ಕೈಗೆ ನೀರು ಹಾಕಿಕೊಂಡು ತೋರಿಸಿದಳಂತೆ. ಆಮೇಲೆ ಹೆದರಿ ಹೋಗಿ ಎರಡು ತಟ್ಟೆ ಅನ್ನ ತಿಂದಳಂತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ.

ಸಂಕ್ರಾಂತಿ ಕಳೆದ ಮೇಲೆ ಅಮ್ಮ ಮತ್ತೆ ಬಂದಳು. ನಾನು ಫೋನಿನಲ್ಲಿ ಎಲ್ಲ ಹೇಳಿದ್ದೆ. ಬಂದವಳು ಎಂದಿನಂತೆ ಕಾಲು ತೊಳೆದು, ನೀರು ಕುಡಿದು, ಬಾಳೆಹಣ್ಣು ತಿಂದು ಮಂಚದ ಪಕ್ಕ ಕೂತಳು. ನಮ್ಮೆಲ್ಲರ ಊಟವಾಯಿತು. ಒದ್ದೆ ಕೈಗಳನ್ನು ತೋರಿಸಿದೆವು. ನಾನು ಮುದ್ದೆ ಕಿವುಚಿದ ಬಟ್ಟಲು ಹಿಡಿದು ಕೂತೆ.

ಅತ್ತೆ ಬಾಯಿ ತೆರೆಯಲಿಲ್ಲ. ನಮ್ಮಮ್ಮನ ಕೈ ನೋಡಿದರು. ಒಣಗಿದ ಕೈ. ಮನೆಗೆ ಬಂದ ಬೀಗಿತ್ತಿಯ ಕೈ.

“ಅವರು ಹಣ್ಣು ತಿಂದ್ರಲ್ಲ ಅತ್ತೆ” ಎಂದೆ. ಅವರು ಮುಖ ತಿರುಗಿಸಿದರು. ಹಣ್ಣು ಊಟವಲ್ಲ, ಅದು ಅವರಿಗೂ ಗೊತ್ತು, ಅಮ್ಮನಿಗೂ ಗೊತ್ತು. ನಾನು ಅಮ್ಮನ ಮುಖವನ್ನು ನೋಡಲಾರದೆ ಬಟ್ಟಲು ನೋಡಿದೆ. ಹೇಳುವುದಾದರೂ ಹೇಗೆ? ಅವಳ ಹಟವೂ ಹಟಕ್ಕಾಗಿ ಮಾಡಿದ ಹಟವಲ್ಲ. ನಮ್ಮಪ್ಪ ಎಳೆದ ನೀರಿನ ಗೆರೆಯೊಳಗೆ ಒಂದು ಆಯುಷ್ಯ ಕಳೆದವಳು.

“ಈರುಳ್ಳಿ ಹಾಕಿದ್ಯೇನೇ ಸಾರಿಗೆ?” ಎಂದಳು ಅಮ್ಮ.

“ಹಾಕಿದ್ದೀನಮ್ಮ. ಬೆಳ್ಳುಳ್ಳೀನೂ.”

“ಹಂಗಾದ್ರೆ ಮಜ್ಜಿಗೆ ಹಾಕು.”

ನಾನು ಕೂತಲ್ಲೇ ಕೂತಿದ್ದೆ. “ಕೇಳ್ಲಿಲ್ವೇನೇ? ಆ ಹೊಟ್ಟೆ ಎಷ್ಟು ಹೊತ್ತು ಕಾಯ್ಬೇಕು?” ಎಂದು ಗದರಿ, ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಮುದ್ದೆ ಇಟ್ಟೆ, ಮಜ್ಜಿಗೆ ಹೊಯ್ದೆ. ಅಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಒಂದು ತುತ್ತು ಮುರಿದು ಬಾಯಿಗಿಟ್ಟಳು.

ಅಗಿದಳು. ಅಗಿಯುತ್ತಲೇ ಇದ್ದಳು. ಮುದ್ದೆ ಹಲ್ಲಿಗೆಲ್ಲ ಮೆತ್ತಿಕೊಂಡಿತು. ಅಮ್ಮ ಕಣ್ಣು ಕಣ್ಣು ಬಿಟ್ಟಳು, ಆದರೂ ದವಡೆ ನಿಲ್ಲಿಸಲಿಲ್ಲ.

ಮಂಚದ ಮೇಲಿಂದ ಒಂದು ಸದ್ದು ಬಂತು. ಹೆದರಿ ತಿರುಗಿದೆ. ಅತ್ತೆ ನಗುತ್ತಿದ್ದರು. ಅರ್ಧ ಮುಖ ಮಾತ್ರ ನಗುತ್ತಿತ್ತು, ಮೈಯೆಲ್ಲ ಕುಲುಕುತ್ತಿತ್ತು. ಎಡಗೈ ಎತ್ತಿ, ನನ್ನನ್ನು ತೋರಿಸಿ, ಅಮ್ಮನನ್ನು ತೋರಿಸಿ, ಮತ್ತೆ ನಕ್ಕರು.

ಅಮ್ಮ ಒಂದು ತುಣುಕೂ ಬಿಡದೆ ಮುಗಿಸಿದಳು. ಎದ್ದು ಹೋಗಿ ಕೈ ತೊಳೆದು ಬಂದಳು. ಮಂಚದ ಮೇಲೆ ಬಾಗಿ ತನ್ನ ಒದ್ದೆ ಕೈಯನ್ನು ಅತ್ತೆಯ ಕೈಯೊಳಗೆ ಇಟ್ಟಳು.

“ನೋಡ್ಕೊಳ್ಳಿ, ನಂದಾಯ್ತು. ಇನ್ನು ನೀವು ಉಣ್ಣಿ” ಎಂದಳು.